ನಾಯಿಗೆ ಫಿಟ್ಸ್ ಬಂದಾಗ

ನೆಮ್ಮದಿಯಾಗಿ ಮಲಗಿದ್ದ ನಾಯಿ ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತದೆ. ನಾಲ್ಕೂ ಕಾಲು ಬಡಿಯತೊಡಗುತ್ತದೆ. ದವಡೆ ಕಟಕಟ ಎನ್ನುತ್ತದೆ, ಬಾಯಲ್ಲಿ ನೊರೆ, ಮಲಗಿದಲ್ಲೇ ಮೂತ್ರ. ನೋಡುವವರ ಕೈಕಾಲು ಉಡುಗುತ್ತದೆ. ಆದರೆ ಆ ಹೊತ್ತಿನಲ್ಲಿ ನಾಯಿಗೆ ಎಚ್ಚರವಿರುವುದಿಲ್ಲ, ನೋವಿನ ಅರಿವೂ ಇರುವುದಿಲ್ಲ. ಮಿದುಳಿನ ನರಕೋಶಗಳು ಹಿಡಿತ ತಪ್ಪಿ ಒಟ್ಟೊಟ್ಟಿಗೆ ಕೆರಳುವುದರಿಂದ ಹೀಗಾಗುತ್ತದೆ.

ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ಕುರ್ಚಿ, ಮೇಜು ಸರಿಸಿ, ಮೆಟ್ಟಿಲಿನಿಂದ ಉರುಳದಂತೆ ನೋಡಿಕೊಳ್ಳಿ. ಗಡಿಯಾರ ನೋಡಿ. ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ, ವೈದ್ಯರಿಗೆ ಅದರಿಂದ ಬಹಳ ಉಪಕಾರ. ನಾಲಿಗೆ ನುಂಗಿಬಿಡುತ್ತದೆಂದು ಬಾಯಿಗೆ ಕೈ ಹಾಕಬೇಡಿ. ನಾಯಿ ನಾಲಿಗೆ ನುಂಗುವುದಿಲ್ಲ, ನಿಮ್ಮ ಬೆರಳು ಕಚ್ಚೀತು. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹನಿಸುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ, ಇಲ್ಲವೇ 24 ಗಂಟೆಯೊಳಗೆ ಮತ್ತೆ ಬಂದರೆ, ಕೂಡಲೇ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ರೇಬೀಸ್ ಲಸಿಕೆ ಹಾಕಿಸದ ನಾಯಿಯಾದರೆ ಜೊಲ್ಲನ್ನು ಮುಟ್ಟಲೇಬೇಡಿ.

ಫಿಟ್ಸ್ ಬಂದದ್ದೆಲ್ಲ ಅಪಸ್ಮಾರವಲ್ಲ. ಡಿಸ್ಟೆಂಪರ್ ರೋಗ, ವಿಷಪ್ರಾಶನ, ಯಕೃತ್ತಿನ ತೊಂದರೆ, ರಕ್ತದಲ್ಲಿ ಸಕ್ಕರೆ ಇಳಿಯುವುದು, ಇವೂ ಕಾರಣವಾಗಬಹುದು. ಪರೀಕ್ಷೆಯಲ್ಲಿ ಇಂಥದ್ದೇನೂ ಸಿಗದೆ ಮತ್ತೆ ಮತ್ತೆ ಬರುತ್ತಿದ್ದರೆ, ವಂಶಪಾರಂಪರ್ಯದ ಅಪಸ್ಮಾರವೆಂದು ಊಹಿಸುತ್ತಾರೆ. ಇದು ಹೆಚ್ಚಾಗಿ ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬೀಗಲ್ ತಳಿಗಳಲ್ಲಿ ಹೆಚ್ಚು. ಇಂಥ ನಾಯಿಯಿಂದ ಮರಿ ಮಾಡಿಸಬಾರದು.

ಇದಕ್ಕೆ ಮುಖ್ಯ ಔಷಧ ಫಿನೋಬಾರ್ಬಿಟಾಲ್. 1912ರಿಂದ ಮನುಷ್ಯರ ಅಪಸ್ಮಾರಕ್ಕೂ ಬಳಕೆಯಲ್ಲಿರುವ ಹಳೆಯ ಮಾತ್ರೆ. ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡಬೇಕು. ಮೊದಲ ಒಂದೆರಡು ವಾರ ನಾಯಿ ತೂಕಡಿಸುತ್ತದೆ, ಹಿಂಗಾಲು ತಡವರಿಸುತ್ತದೆ. ಹಸಿವು, ಬಾಯಾರಿಕೆಗಳೂ ಹೆಚ್ಚುತ್ತವೆ. ಪಾಪ, ಹಸಿದಿದೆಯೆಂದು ತಟ್ಟೆ ತುಂಬಿಸುತ್ತ ಹೋದರೆ ಮೈ ಬೆಳೆದು ಬೇರೆಯೇ ಕಷ್ಟ. ಮಾತ್ರೆ ಯಕೃತ್ತಿಗೆ ಭಾರವಾಗಬಹುದು, ಹಾಗಾಗಿ ವೈದ್ಯರು ಹೇಳಿದಾಗಲೆಲ್ಲ ರಕ್ತಪರೀಕ್ಷೆ ಮಾಡಿಸಿ.

ನನಗೆ ಅತ್ಯಂತ ಕಳವಳ ತರುವುದು ಇನ್ನೊಂದು ಸಂಗತಿ. ಕೆಲವು ತಿಂಗಳು ಫಿಟ್ಸ್ ಬರದಿದ್ದರೆ, ವಾಸಿಯಾಯಿತೆಂದು ಮನೆಯವರು ಮಾತ್ರೆ ಬಿಟ್ಟುಬಿಡುತ್ತಾರೆ. ಫಿಟ್ಸ್ ಬಾರದಿದ್ದದ್ದೇ ಮಾತ್ರೆಯಿಂದ. ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ತೀವ್ರವಾಗಿ, ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾಗಬಹುದು. ಊರಿಗೆ ಹೊರಟರೆ ನಾಯಿ ನೋಡಿಕೊಳ್ಳುವವರಿಗೆ ಮಾತ್ರೆಯ ಹೊತ್ತು, ಪ್ರಮಾಣ ಬರೆದುಕೊಡಿ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಈ ಮಾತ್ರೆ ಕೊಡುವುದಿಲ್ಲ. ಮುಗಿಯುವುದಕ್ಕೆ ಒಂದು ವಾರ ಮೊದಲೇ ತಂದಿಟ್ಟುಕೊಳ್ಳಿ.