ಮೂರನೆಯ ಸವಾರನ ಸಮಯ: ಕ್ರೀಡಾ ಸಾಧನೆ ಮತ್ತು ಅನಿಶ್ಚಿತ ಕಾಲದ ಶಾಲಾ ಆಡಳಿತ

ಶಾಲಾ ಆಡಳಿತಗಾರರ ಸಭೆಗಳಲ್ಲಿ ಕ್ರೀಡೆಯ ಪ್ರಸ್ತಾಪ ಬಂದಾಗಲೆಲ್ಲ ಅದು ಬಹುಮಟ್ಟಿಗೆ ವೀರಗಾಥೆಯಾಗಿಯೇ ಬರುತ್ತದೆ. ಗಾಯಗೊಂಡರೂ ಕಣ ಬಿಡದವರ, ಬಡತನವನ್ನು ಮೀರಿ ಪದಕ ಗೆದ್ದವರ ಹೆಸರುಗಳನ್ನು ಹೇಳಿ, ಕೇಳುಗರೂ ಹಾಗೆಯೇ ಎದೆಗುಂದದಿರಲಿ ಎಂದು ಹಾರೈಸಿ ಮಾತು ಮುಗಿಸುವುದು ರೂಢಿ. ಹಾರೈಕೆಯಲ್ಲಿ ತಪ್ಪಿಲ್ಲವಾದರೂ, ನಾಳೆ ಬೆಳಿಗ್ಗೆ ಶಾಲೆಯ ಬೀಗ ತೆಗೆಯಬೇಕಾದ ಮುಖ್ಯಗುರುಗಳಿಗೆ ಅದರಿಂದ ದಕ್ಕುವುದು ಅಲ್ಪ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲೆಗಳನ್ನು ನಡೆಸುವವರು ಕ್ರೀಡೆಯಿಂದ ಪಡೆಯಬೇಕಾದದ್ದು ಎರಡು ಸಂಗತಿಗಳನ್ನು, ಅವಕಾಶ ಕಾಣದ ದಿನಗಳಲ್ಲಿಯೂ ಸಿದ್ಧತೆಯನ್ನು ಕಾಯ್ದುಕೊಳ್ಳುವ ಕ್ರಮವನ್ನು ಮತ್ತು ತಂಡವು ಭಾರವನ್ನು ಹಂಚಿಕೊಳ್ಳುವ ಬಗೆಯನ್ನು, ಎಂಬುದು ಈ ಆಶಯ ಭಾಷಣದ ವಾದ.

ಮೊದಲಿಗೆ ಅನಿಶ್ಚಿತತೆ ಎಂದರೇನು ಎಂಬುದು ಸ್ಪಷ್ಟವಾಗಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಅಪಾಯವನ್ನೂ ಅನಿಶ್ಚಿತತೆಯನ್ನೂ ಬೇರ್ಪಡಿಸಿದರು. ಹಿಂದಿನ ಅನುಭವದ ಬಲದಿಂದ ಸಂಭವದ ಪ್ರಮಾಣವನ್ನು ಅಂದಾಜು ಮಾಡಬಹುದಾದದ್ದು ಅಪಾಯ, ಅಂಥ ಅಂದಾಜಿಗೆ ಆಧಾರವೇ ಇಲ್ಲದ್ದು ಅನಿಶ್ಚಿತತೆ. ಈ ಭೇದವನ್ನು ಭೀಮೆಯ ದಡದ ಅಗರಖೇಡದ ಮಟ್ಟಿಗೆ ಅನ್ವಯಿಸಿ ನೋಡಿದರೆ, ಅನಿಶ್ಚಿತತೆಯೆಂದು ಕಚೇರಿಯ ಕಡತಗಳಲ್ಲಿ ದಾಖಲಾಗುವ ಹಲವು ಸಂಗತಿಗಳು ಹಾಗಲ್ಲವೆಂಬುದು ಕಾಣುತ್ತದೆ. ಹೊಳೆ ಬರುವುದು ಇಲ್ಲಿ ಹೊಸದಲ್ಲ. ಮೇಲ್ಭಾಗದ ಸೋಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟ ಸುದ್ದಿ ನೀರಿಗಿಂತ ಮೊದಲೇ ದಡದ ಊರುಗಳನ್ನು ತಲುಪುತ್ತದೆ, ಮತ್ತು 2020ರ ಅಕ್ಟೋಬರಿನ ಮಹಾಪೂರ ಎಷ್ಟೇ ದೊಡ್ಡದಿದ್ದರೂ ಅದು ಬಂದ ದಾರಿ ಹಳೆಯದೇ ಆಗಿತ್ತು. ದಸರೆ ಕಳೆದ ಮೇಲೆ ಕಬ್ಬು ಕಡಿಯುವ ಗುಂಪುಗಳು ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳತ್ತ ಹೊರಡುವುದು, ಅವರೊಡನೆ ಮಕ್ಕಳೂ ಹೊರಡುವುದು, ತರಗತಿಯ ಹಾಜರಿ ಇಳಿಯುವುದು ಪ್ರತಿ ವರ್ಷದ ನಡೆ. ಪಂಚಾಂಗದಲ್ಲಿ ಮೊದಲೇ ಬರೆದಿಡಬಹುದಾದದ್ದನ್ನು ಆಕಸ್ಮಿಕವೆಂದು ಕರೆಯುವುದು ಆಡಳಿತದ ಸೌಜನ್ಯದ ಸುಳ್ಳು ಎಂದರೆ ಕಟುವಾದೀತು, ಆದರೆ ಅಸತ್ಯವಾಗದು.

ನಿಜವಾದ ಅನಿಶ್ಚಿತತೆಗೂ ಕೊರತೆಯಿಲ್ಲ. ಕೋವಿಡ್ ಕಾರಣದಿಂದ 2020ರ ಮಾರ್ಚಿನಲ್ಲಿ ಮುಂದಕ್ಕೆ ಹೋದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ 25ರಂದು ಆರಂಭವಾಯಿತು. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಿ ಸಣ್ಣ ಗುಂಪುಗಳಲ್ಲಿ ಕಲಿಸುವ ವಿದ್ಯಾಗಮ ಯೋಜನೆ ಅದೇ ವರ್ಷದ ಆಗಸ್ಟಿನಲ್ಲಿ ಶುರುವಾಗಿ, ಅಕ್ಟೋಬರಿನಲ್ಲಿ ನಿಂತು, 2021ರ ಜನವರಿ 1ರಿಂದ ಬೇರೆ ರೂಪದಲ್ಲಿ ಮರಳಿತು. 2021ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜುಲೈ 19 ಮತ್ತು 22ರ ಎರಡೇ ದಿನಗಳಿಗೆ ಇಳಿಯಿತು. ಸೋಂಕು ಹೋದ ಮೇಲೂ ನೆಲ ಗಟ್ಟಿಯಾಗಲಿಲ್ಲ. 5, 8 ಮತ್ತು 9ನೇ ತರಗತಿಗಳ ರಾಜ್ಯಮಟ್ಟದ ಮೌಲ್ಯಾಂಕನ 2024ರ ಮಾರ್ಚ್ 11ರಂದು ಆರಂಭವಾಗಿ, ಮಾರನೆಯ ದಿನದ ಸುಪ್ರೀಂ ಕೋರ್ಟ್ ಆದೇಶದಿಂದ ಅರ್ಧಕ್ಕೇ ನಿಂತು, ಹೈಕೋರ್ಟಿನ ತೀರ್ಪಿನ ನಂತರ ಮಾರ್ಚ್ 25ರಿಂದ ಮತ್ತೆ ನಡೆದು, ಏಪ್ರಿಲ್ 8ರಂದು ಫಲಿತಾಂಶದ ಪ್ರಕಟಣೆಗೇ ತಡೆ ಕಂಡಿತು. ಒಂದು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಬಂದ ಈ ತಿರುವುಗಳನ್ನು ಪಾಲಕರಿಗೆ ವಿವರಿಸುವ ಹೊಣೆ ಬಿದ್ದದ್ದು, ಅವುಗಳ ಯಾವ ಹಂತದಲ್ಲೂ ಪಾತ್ರವಿಲ್ಲದ ಮುಖ್ಯಗುರುಗಳ ಮೇಲೆ.

ಇಂಥ ಸ್ಥಿತಿಯಲ್ಲಿ ಯಾವ ಕ್ರೀಡಾ ಮಾದರಿ ಒದಗುತ್ತದೆ ಎಂಬುದು ಮುಂದಿನ ಪ್ರಶ್ನೆ. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಅನಿಲ್ ಕುಂಬ್ಳೆ ಒಡೆದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರ ವಿಕೆಟ್ ಪಡೆದದ್ದು ಕನ್ನಡಿಗರೆಲ್ಲರ ನೆನಪಿನಲ್ಲಿದೆ, ಇರಬೇಕಾದದ್ದೇ. ಆದರೆ ಆ ಬಳಿಕ ಕುಂಬ್ಳೆ ಸರಣಿಯನ್ನು ಬಿಟ್ಟು ಶಸ್ತ್ರಚಿಕಿತ್ಸೆಗೆ ತಾಯ್ನಾಡಿಗೆ ಮರಳಿದರು ಎಂಬ ಅಷ್ಟೇ ಮುಖ್ಯವಾದ ಅರ್ಧವನ್ನು ಭಾಷಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮುರಿದ ದವಡೆಯ ದುಡಿಮೆ ಒಂದು ದಿನಕ್ಕೆ ಸಲ್ಲುತ್ತದೆ. ಅದನ್ನೇ ವರ್ಷವಿಡೀ ಶಿಕ್ಷಕರಿಂದ ನಿರೀಕ್ಷಿಸುವ ಅಧಿಕಾರಿ ಕುಂಬ್ಳೆಯನ್ನು ತಪ್ಪಾಗಿ ಓದಿದ್ದಾರೆ.

ಇದಕ್ಕಿಂತ ಹತ್ತಿರದ, ಹೆಚ್ಚು ಉಪಯುಕ್ತವಾದ ಮಾದರಿ ಜಿಲ್ಲಾ ಕೇಂದ್ರದಲ್ಲಿಯೇ ಇದೆ. ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕ್ವಾಡ್ 2017ರ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತ ತಂಡದೊಡನೆ ಇಂಗ್ಲೆಂಡಿನಲ್ಲಿದ್ದರೂ ಮೊದಲ ಆರು ಪಂದ್ಯಗಳಲ್ಲಿ ಕಣಕ್ಕಿಳಿಯಲಿಲ್ಲ. ಸೋತರೆ ಸೆಮಿಫೈನಲ್ ಕೈತಪ್ಪುವ ನ್ಯೂಜಿಲೆಂಡ್ ವಿರುದ್ಧದ ಪಂದ್ಯಕ್ಕೆ ಜುಲೈ 15ರಂದು ಡರ್ಬಿಯಲ್ಲಿ ಅವರನ್ನು ಆಡಿಸಿದಾಗ, 15 ರನ್ ಕೊಟ್ಟು 5 ವಿಕೆಟ್ ಪಡೆದರು. ಎದುರಾಳಿ ತಂಡ 79ಕ್ಕೆ ಕುಸಿಯಿತು. ಆಡದ ಆ ವಾರಗಳಲ್ಲಿ ನಡೆದ ತಾಲೀಮು ಯಾವ ಅಂಕಪಟ್ಟಿಯಲ್ಲಿಯೂ ಇಲ್ಲ, ಆದರೆ ಡರ್ಬಿಯ ಆ ಮಧ್ಯಾಹ್ನ ಅದರ ಮೇಲೆಯೇ ನಿಂತಿತ್ತು. ಶಾಲೆಯಲ್ಲಿ ಇದಕ್ಕೆ ಸಮನಾದದ್ದು ಸಾಧಾರಣವಾಗಿ ಕಾಣುವ ಕೆಲಸಗಳು: ದಾಖಲಾತಿ ಪುಸ್ತಕ ಮತ್ತು ಹಾಜರಿಯ ಪ್ರತಿಯನ್ನು ಮಳೆಗಾಲಕ್ಕೆ ಮೊದಲು ಎತ್ತರದ ಕಟ್ಟಡಕ್ಕೆ ಸೇರಿಸುವುದು, ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶವನ್ನೂ ಬಿಸಿಯೂಟದ ಲೆಕ್ಕವನ್ನೂ ಇನ್ನೊಬ್ಬ ಶಿಕ್ಷಕರಿಗೆ ಕಲಿಸಿಡುವುದು, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂದರೆ ಪಾಲಕರೇ ಬಹುಪಾಲಿರುವ ಎಸ್‌ಡಿಎಂಸಿಯನ್ನು, ಸಹಿಗಾಗಿ ಮಾತ್ರವಲ್ಲದೆ ಸಮಾಲೋಚನೆಗಾಗಿಯೂ ಕರೆಯುವುದು. ಮುಖ್ಯಗುರುಗಳು ಚುನಾವಣಾ ಕರ್ತವ್ಯಕ್ಕೆ ಹೋದ ದಿನ ಪಾಸ್‌ವರ್ಡ್ ಗೊತ್ತಿಲ್ಲದೆ ಕೆಲಸ ನಿಲ್ಲುವ ಶಾಲೆ, ಮೀಸಲು ಆಟಗಾರರನ್ನು ಸಿದ್ಧಪಡಿಸದ ತಂಡ.

ಭಾರದ ಹಂಚಿಕೆಗೆ ಸೈಕ್ಲಿಂಗಿನಷ್ಟು ನಿಖರವಾದ ಪಾಠ ಬೇರೆ ಕ್ರೀಡೆಯಲ್ಲಿ ವಿರಳ, ಮತ್ತು ವಿಜಯಪುರ ಹಾಗೂ ಬಾಗಲಕೋಟೆ ಜಿಲ್ಲೆಗಳು ರಾಜ್ಯಕ್ಕೆ ಸೈಕ್ಲಿಂಗ್ ಪಟುಗಳನ್ನು ಕೊಡುತ್ತ ಬಂದ ನೆಲವಾದ್ದರಿಂದ ಅದು ಇಲ್ಲಿ ಹೊರಗಿನ ಉದಾಹರಣೆಯೂ ಅಲ್ಲ. ಟೀಮ್ ಪರ್ಸ್ಯೂಟ್ ಎಂಬ ಸ್ಪರ್ಧೆಯಲ್ಲಿ ನಾಲ್ವರು ಸವಾರರು ಒಬ್ಬರ ಹಿಂದೊಬ್ಬರು ಅಂಟಿಕೊಂಡಂತೆ 4 ಕಿಲೋಮೀಟರ್, ಅಂದರೆ 250 ಮೀಟರಿನ ಟ್ರ್ಯಾಕಿನಲ್ಲಿ 16 ಸುತ್ತು, ಸಾಗುತ್ತಾರೆ. ಗಾಳಿಯ ಎದುರೊತ್ತು ಹೆಚ್ಚಾಗಿ ಬೀಳುವುದು ಮುಂದಿನವರ ಮೇಲೆ. ಹಿಂದಿನವರು ಅವರ ಮರೆಯಲ್ಲಿ ಕಡಿಮೆ ಶಕ್ತಿಯಲ್ಲಿ ಅದೇ ವೇಗವನ್ನು ಕಾಯ್ದುಕೊಳ್ಳುತ್ತಾರೆ. ಆದ್ದರಿಂದ ಮುಂದಿನವರು ತಮ್ಮ ಸರದಿ ಮುಗಿದೊಡನೆ, ಶಕ್ತಿ ಉಡುಗುವ ಮುನ್ನವೇ, ಟ್ರ್ಯಾಕಿನ ಇಳಿಜಾರಿನಲ್ಲಿ ಮೇಲಕ್ಕೆ ಸರಿದು ಸಾಲಿನ ಕೊನೆಗೆ ಬಂದು ಸೇರುತ್ತಾರೆ. ಕೊನೆಗೆ ತಂಡದ ಸಮಯವೆಂದು ಲೆಕ್ಕಕ್ಕೆ ಬರುವುದು ಮೂರನೆಯ ಸವಾರನ ಗಾಲಿ ಗೆರೆ ದಾಟಿದ ಕ್ಷಣ. ಮೊದಲಿನವನು ಎಷ್ಟೇ ಮುಂಚೆ ಬಂದರೂ ತಂಡಕ್ಕೆ ಲಾಭವಿಲ್ಲ. ಅವನು ಅತಿಯಾಗಿ ಎಳೆದು ಮೂರನೆಯವನ ಉಸಿರು ಕಟ್ಟಿಸಿದರೆ ನಷ್ಟವೇ ಹೆಚ್ಚು.

ಈ ನಿಯಮವನ್ನು ಕ್ಲಸ್ಟರಿನ ಮಟ್ಟಕ್ಕೆ, ಅಂದರೆ ಒಬ್ಬ ಸಂಪನ್ಮೂಲ ವ್ಯಕ್ತಿಯ ಉಸ್ತುವಾರಿಯಲ್ಲಿರುವ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ತಂದರೆ ಪರಿಶೀಲನಾ ಸಭೆಗಳ ಸ್ವರೂಪವೇ ಬದಲಾಗಬೇಕಾಗುತ್ತದೆ. ಇಂದು ತಾಲ್ಲೂಕಿನ ಸಾಧನೆ ಸರಾಸರಿಯಲ್ಲಿ ಅಥವಾ ಮೊದಲ ಸ್ಥಾನದ ಶಾಲೆಯ ಸನ್ಮಾನದಲ್ಲಿ ಕಾಣುತ್ತದೆ, ಸರಾಸರಿಯಾದರೋ ಹಿಂದುಳಿದವರನ್ನು ಮರೆಮಾಡುವ ಲೆಕ್ಕ. ಪ್ರಭಾರ ಮುಖ್ಯಗುರುಗಳೂ ಅತಿಥಿ ಶಿಕ್ಷಕರೂ ಸೇರಿ ನಡೆಸುತ್ತಿರುವ ತಾಂಡಾದ ಶಾಲೆ ಹೊಸ ಆದೇಶವನ್ನು ಎಷ್ಟು ದಿನದಲ್ಲಿ ಜಾರಿಗೆ ತರಬಲ್ಲದು ಎಂಬುದೇ ತಾಲ್ಲೂಕಿನ ನಿಜವಾದ ವೇಗ. 2022–23ರ ಕಲಿಕಾ ಚೇತರಿಕೆ ಕಾರ್ಯಕ್ರಮ, ಎರಡು ವರ್ಷಗಳ ಕಲಿಕಾ ನಷ್ಟವನ್ನು ತುಂಬಲು ಹಿಂದಿನ ತರಗತಿಯ ಕಲಿಕಾಫಲಗಳಿಗೆ ಮರಳಿದ ಆ ಪ್ರಯತ್ನ, ತಾತ್ವಿಕವಾಗಿ ಮೂರನೆಯ ಸವಾರನನ್ನು ಗಮನಿಸಿದ ಅಪರೂಪದ ಸಂದರ್ಭ. ಇನ್ನು ಸರದಿ ಬಿಟ್ಟುಕೊಡುವ ಕಲೆ ಆಡಳಿತದಲ್ಲಿ ಕ್ರೀಡೆಗಿಂತ ಕಠಿಣ, ಏಕೆಂದರೆ ಮುಂದಿನ ಸ್ಥಾನಕ್ಕೆ ಇಲ್ಲಿ ಕುರ್ಚಿಯೂ ಇದೆ.

ಆದರೂ ಹೋಲಿಕೆಗೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಟೀಮ್ ಪರ್ಸ್ಯೂಟಿನಲ್ಲಿ ನಾಲ್ಕನೆಯವರು ಕೊನೆಯ ಸುತ್ತುಗಳಿಗೆ ಮುನ್ನ ತಮ್ಮೆಲ್ಲ ಶಕ್ತಿಯನ್ನು ತಂಡಕ್ಕೆ ಸುರಿದು ಸಾಲಿನಿಂದ ಕಳಚಿಕೊಳ್ಳಲು ನಿಯಮ ಅವಕಾಶ ಕೊಡುತ್ತದೆ, ಜಾಣ ತಂಡಗಳು ಅದನ್ನೇ ತಂತ್ರವಾಗಿಸಿಕೊಳ್ಳುತ್ತವೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಯಾವ ಮಗುವನ್ನೂ ಹಾಗೆ ಕಳಚಿಕೊಳ್ಳಲು ಬಿಡುವುದಿಲ್ಲ. ದಸರೆಯ ನಂತರ ಕಬ್ಬಿನ ಗಾಡಿ ಹತ್ತುವ ಮಗುವನ್ನು ಮಾರ್ಚ್‌ವರೆಗೆ ಊರಿನಲ್ಲಿಯೇ ಉಳಿಸುವ ಋತುಮಾನದ ವಸತಿ ವ್ಯವಸ್ಥೆ ಯಾವ ಕ್ಲಸ್ಟರಿನಲ್ಲಿ, ಯಾರ ಹೊಣೆಯಲ್ಲಿ, ಯಾವ ತಿಂಗಳು ತೆರೆಯಬೇಕು? ಆಲಮಟ್ಟಿ ಜಲಾಶಯದ ಹಿನ್ನೀರಿನ ಅಂಚಿನ ಊರುಗಳಲ್ಲಿ ಸ್ಥಳಾಂತರದ ತೀರ್ಮಾನವಾಗುವವರೆಗೆ ಶಾಲಾ ಕೊಠಡಿಗಳ ದುರಸ್ತಿಯನ್ನು ಯಾರು ನಿರ್ಧರಿಸಬೇಕು? ಹೊಳೆ ಬಂದ ವಾರ ಅಗರಖೇಡದ ಮಕ್ಕಳಿಗೆ ಪಾಠ ಯಾವ ಎತ್ತರದ ಕಟ್ಟಡದಲ್ಲಿ ನಡೆಯಬೇಕು? ಈ ಪ್ರಶ್ನೆಗಳಿಗೆ ಕ್ರೀಡೆಯಲ್ಲಿ ಸಿದ್ಧ ಉತ್ತರವಿಲ್ಲವಾದ್ದರಿಂದ, ಅವನ್ನು ಮಧ್ಯಾಹ್ನದ ಗೋಷ್ಠಿಗಳು ತಾಲ್ಲೂಕುವಾರು, ಹೆಸರು ಮತ್ತು ದಿನಾಂಕಗಳ ಸಹಿತ, ಬರೆದು ಕೊಡಬೇಕೆಂಬುದು ಅಪೇಕ್ಷೆ.