ಬೀಜಗಣಿತದ ಹೆಸರು ಯಾರದು?



ಕನ್ನಡ ಪಂಡಿತನಿಗೆ ಗಣಿತದ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣ ಒಬ್ಬ ಹುಡುಗ. ಹೆಮ್ಮರಗಾಲದವನು; ವೇಣುಗೋಪಾಲಸ್ವಾಮಿಯ ಗುಡಿಯಿಂದ ನಿಮ್ಮಲ್ಲಿ ಹಲವರಿಗೆ ಆ ಊರು ಪರಿಚಿತವೇ. ಒಮ್ಮೆ ತರಗತಿಯಲ್ಲಿ ನೃಪತುಂಗನ ಕಾಲವನ್ನು ವರ್ಣಿಸುತ್ತ, ಉತ್ಸಾಹ ಹೆಚ್ಚಿ, “ಗಣಿತವೆಲ್ಲ ನಮ್ಮದೇ” ಎಂದುಬಿಟ್ಟೆ. “ಹಂಗಾದ್ರೆ ಆಲ್ಜೀಬ್ರ ಅನ್ನೋ ಹೆಸರು ಯಾರದು ಸಾರ್?” ಎಂದನಾತ. ನನಗೆ ಗೊತ್ತಿರಲಿಲ್ಲ, ಆದಕಾರಣ ಗದರಿಸಿ ಕೂರಿಸಿದೆ. ಉಪಾಧ್ಯಾಯರ ಈ ಉಪಾಯವನ್ನು ನೀವೂ ಬಲ್ಲಿರಿ.

ಆಮೇಲೆ ಮನಸ್ಸು ತಡೆಯದೆ ಗ್ರಂಥಗಳನ್ನು ಹುಡುಕಿದೆ. ಹೆಸರು ಅರಬ್ಬೀ ಭಾಷೆಯದು. ಅಲ್-ಜಬ್ರ್ ಎಂದರೆ ತುಂಡಾದುದನ್ನು ಮತ್ತೆ ಕೂಡಿಸುವುದು. ಮುರಿದ ಮೂಳೆಯನ್ನು ಕೂಡಿಸಿ ಕಟ್ಟುವುದಕ್ಕೂ ಅದೇ ಮಾತು. ಈ ಮಾತನ್ನು ತನ್ನ ಗ್ರಂಥದ ಹೆಸರಿನಲ್ಲಿಟ್ಟವನು ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ. 813ರಿಂದ 833ರವರೆಗೆ ಆಳಿದ ಖಲೀಫ ಮಾಮೂನನ ಆಶ್ರಯದಲ್ಲಿ ಬಾಗ್ದಾದಿನಲ್ಲಿದ್ದವನು. ಆಸ್ತಿಯ ಪಾಲು, ವ್ಯಾಪಾರ, ಭೂಮಿಯ ಅಳತೆ ಇವುಗಳಿಗೆ ಒದಗಲೆಂದು ಆ ಗ್ರಂಥವನ್ನು ಬರೆದ.

ಮಾಮೂನನು ಪಟ್ಟವೇರಿದ ಮರುವರ್ಷವೇ, 814ರಲ್ಲಿ, ನಮ್ಮ ಅಮೋಘವರ್ಷ ನೃಪತುಂಗನೂ ಸಿಂಹಾಸನವನ್ನೇರಿದನು. 851ರ ಒಂದು ಅರಬ್ಬೀ ವೃತ್ತಾಂತ ಲೋಕದ ನಾಲ್ವರು ಮಹಾರಾಜರಲ್ಲಿ ‘ಬಲ್ಹರಾ’ ಎಂಬವನನ್ನೂ ಎಣಿಸುತ್ತದೆ. ಅವನು ರಾಷ್ಟ್ರಕೂಟರ ವಲ್ಲಭರಾಜನೇ ಎಂಬುದು ವಿದ್ವಾಂಸರ ಮತ. ಆ ನೃಪತುಂಗನನ್ನು ಹೊಗಳಿಯೇ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನು ಅವನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ತಪ್ಪಿದವನೂ ಅವನೇ! ಇಬ್ಬರು ಗಣಿತಜ್ಞರೂ ಪರಸ್ಪರ ಬಲ್ಲರೆನ್ನಲು ಆಧಾರವಿಲ್ಲ.

ಆದರೆ ಖ್ವಾರಿಜ್ಮಿ ಭಾರತವನ್ನು ಬಲ್ಲ. ಸೊನ್ನೆಯೊಡಗೂಡಿದ ನಮ್ಮ ಅಂಕಿಗಳ ಮೇಲೆ ಅವನೊಂದು ಪುಸ್ತಕ ಬರೆದು, ಅವು ಹಿಂದೂಗಳವು ಎಂದೇ ಹೇಳಿದ. ಅರಬ್ಬೀ ಮೂಲ ಕಳೆದುಹೋಗಿ, ಲ್ಯಾಟಿನ್ ರೂಪ ಮಾತ್ರ ಉಳಿದಿದೆ. ಅವನ ಹೆಸರೇ ಯೂರೋಪಿನವರ ಬಾಯಲ್ಲಿ ತಿರುಚಿಕೊಂಡು ‘ಆಲ್ಗರಿದಂ’ ಆಯಿತು. ಪರರ ಸೊತ್ತನ್ನು ಪರರದೆಂದೇ ಹೇಳಿದ ಈತನ ಹೆಸರನ್ನು ನಾನು ಮೂವತ್ತು ವರ್ಷದ ಪಾಠದಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

ಭಾನುವಾರ ಹುಡುಗನ ಮನೆಗೆ ಹೋದೆ. ತಪ್ಪಾಯಿತೆಂದು ಹೇಳಲು ನಾಲಿಗೆ ಏಳದೆ, ಖ್ವಾರಿಜ್ಮಿಯ ಲೆಕ್ಕವನ್ನೇ ಅಂಗಳದ ಮಣ್ಣಿನಲ್ಲಿ ಬರೆದೆ. ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತರಷ್ಟನ್ನು ಕೂಡಿದರೆ 39; ಸಂಖ್ಯೆ ಯಾವುದು? ಸೊಪ್ಪಿನ ಪಾತಿಯೆಂದು ತಿಳಿಯಿರಿ. ಚೌಕದ ಪಾತಿ, ಬದಿ ಎಷ್ಟು ಮೊಳವೋ ತಿಳಿಯದು. ಮೂಡಲಿಗೊಂದು, ತೆಂಕಲಿಗೊಂದು, ಐದೈದು ಮೊಳ ಅಗಲದ ಪಟ್ಟಿ ಸೇರಿಸಿದೆ. ಒಟ್ಟು 39 ಚದರ ಮೊಳ. ಬಗ್ಗಿ ನೋಡುತ್ತಿದ್ದ ಹುಡುಗನ ತಂದೆ, “ಮೂಲೆ ಯಾಕ್ ಬುಟ್ರಿ ಮೇಷ್ಟ್ರೇ? ಅಲ್ಲೂ ಒಂದಿಷ್ಟು ಬೀಜ ಚೆಲ್ಲಿ” ಎಂದರು.

ಅದೇ, ಅದೇ ಖ್ವಾರಿಜ್ಮಿ ಹೇಳಿದ್ದು! ಖಾಲಿ ಮೂಲೆ ಐದೈದಲ 25. 39ಕ್ಕೆ ಅದನ್ನು ಕೂಡಿದರೆ 64, ಪೂರ್ಣ ಚೌಕ. ಬದಿ 8 ಮೊಳ. ಸೇರಿಸಿದ 5 ಕಳೆಯಿರಿ, ಮೊದಲ ಪಾತಿಯ ಬದಿ 3. ಆಗ ತಪ್ಪಾಯಿತೆಂಬ ಮಾತೂ ಹೊರಬಂತು. ಹುಡುಗ ತಲೆ ತಗ್ಗಿಸಿ ನಕ್ಕ.

ಮರುದಿನ ಶಾಲೆಯಲ್ಲಿ ಹಾಳೆ ಹಿಡಿದು ಬಂದ. “ಸಾರ್, 13 ಸಾಲ ಅಂದ್ರೂ ಸರಿಹೋಗ್ತದೆ. ವರ್ಗ 169, ಹತ್ತರಷ್ಟು ಸಾಲ 130. ಕಳೆದ್ರೆ 39.” ಖ್ವಾರಿಜ್ಮಿ ಅಂತಹ ಉತ್ತರಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, 628ರಲ್ಲೇ ನಮ್ಮ ಬ್ರಹ್ಮಗುಪ್ತ ಸಾಲದ ಸಂಖ್ಯೆಗಳಿಗೆ ನಿಯಮ ಬರೆದಿದ್ದ. ಇಷ್ಟನ್ನು ಹೇಳಿ, ಮುಂದಿನದಕ್ಕೆ ಅವನನ್ನು ಗಣಿತದ ಮೇಷ್ಟರ ಬಳಿಗೆ ಕಳುಹಿಸಿದೆ.