ತೂಕ ಇಳಿದ ಮೇಲೂ ಉಳಿಯುವ ಹೊಟ್ಟೆ

(ವೈದ್ಯಕೀಯ ನೆರವು ನಿಧಿಯ ಸಲುವಾಗಿ ಅಹಮದಾಬಾದಿನಲ್ಲಿ ಕರೆದಿದ್ದ ಸದಸ್ಯರ ಸಭೆಯಲ್ಲಿ ನಿಧಿಯ ಸಲಹಾ ವೈದ್ಯರು ಆಡಿದ ಮಾತುಗಳ ಬರಹ ರೂಪ.)

ನಿಧಿಗೆ ಹಣ ಕೂಡಿಸುವ ಸಭೆಯಲ್ಲಿ ಹೊಟ್ಟೆಯ ಬೊಜ್ಜಿನ ಮಾತೇಕೆ ಎಂದು ಒಂದಿಬ್ಬರು ಕೇಳಿದರು. ಕಾರಣ ಎರಡಿವೆ. ನಮ್ಮ ಶಿಬಿರಗಳಲ್ಲಿ ಬಿ.ಪಿ., ಸಕ್ಕರೆ ತೋರಿಸಿಕೊಂಡು ಹೊರಟವರು ಬಾಗಿಲ ಬಳಿ ನಿಂತು ಕೇಳುವುದು ಹೆಚ್ಚಾಗಿ ಇದನ್ನೇ: "ಡಾಕ್ಟ್ರೇ, ಹದಿನೈದು ಕೆ.ಜಿ. ಇಳಿಸಿದೆ. ಮುಖ ಬತ್ತಿತು, ಕೈ ಕಡ್ಡಿಯಾಯಿತು, ಈ ಹೊಟ್ಟೆ ಮಾತ್ರ ಜಪ್ಪಯ್ಯ ಅಂದರೂ ಹೋಗ್ತಾ ಇಲ್ಲ." ಎರಡನೆಯ ಕಾರಣ, ಈ ವರ್ಷ ನಿಧಿಗೆ ಬಂದ ಅರ್ಜಿಗಳಲ್ಲಿ ಎರಡು ಇದೇ ವಿಷಯಕ್ಕೆ ಸೇರಿದವು. ಅವುಗಳಿಗೆ ಹಣ ಕೊಟ್ಟದ್ದು ಸರಿಯೇ ಎಂದು ದಾನಿಗಳು ಕೇಳಿದ್ದಾರೆ. ಕೇಳುವ ಹಕ್ಕು ಅವರಿಗಿದೆ. ಉತ್ತರ ಹೇಳುವ ಕೆಲಸವನ್ನು ಅಧ್ಯಕ್ಷರು ನನಗೆ ಹಚ್ಚಿದ್ದಾರೆ.

ಮೊದಲು ತೂಕ ಇಳಿಸಿದವರಿಗೆ ಅಭಿನಂದನೆ ಹೇಳಿಬಿಡುತ್ತೇನೆ. ಇದು ಸುಲಭದ ಊರಲ್ಲ. ಬೆಳಿಗ್ಗೆ ಫಾಫ್ಡಾ ಜಿಲೇಬಿ, ಸೂರತ್‌ನಲ್ಲಾದರೆ ಲೋಚೊ, ವಡೋದರಾದಲ್ಲಿ ಸೇವ್ ಉಸಳ್, ಉತ್ತರಾಯಣಕ್ಕೆ ಊಂಧಿಯು, ಚಾಂದನಿ ಪಡವಾಕ್ಕೆ ತುಪ್ಪ ಸುರಿಯುವ ಘಾರಿ. ಮದ್ಯ ನಿಷೇಧದ ರಾಜ್ಯದಲ್ಲಿ ಬೇಳೆ ಸಾರಿಗೂ ಬೆಲ್ಲ ಬೀಳುತ್ತದೆ. ನಮ್ಮವರ ಕೆಲಸಗಳೂ ಹಾಗೆಯೇ. ಹೋಟೆಲಿನವರಿಗೆ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ರಾತ್ರಿಯದ್ದು ಗಲ್ಲಾ ಮುಚ್ಚಿದ ಮೇಲೆ. ಬ್ಯಾಂಕಿನವರಿಗೆ ಇಡೀ ದಿನ ಕುರ್ಚಿ. ಹಜೀರಾದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ. ಇದರ ನಡುವೆ ಹತ್ತು ಕೆ.ಜಿ. ಇಳಿಸಿದವರು ದೊಡ್ಡ ಕೆಲಸವನ್ನೇ ಮಾಡಿದ್ದಾರೆ.

ಇನ್ನು ಉಳಿದ ಹೊಟ್ಟೆಯ ವಿಷಯ. ನಾವು "ಹೊಟ್ಟೆ" ಎಂದು ಒಂದೇ ಮಾತಿನಲ್ಲಿ ಹೇಳುವುದು ಒಂದೇ ವಸ್ತು ಅಲ್ಲ. ಅದರಲ್ಲಿ ಕರುಳು, ಯಕೃತ್ತುಗಳ ಸುತ್ತ ಕೂತ ಒಳಗಿನ ಕೊಬ್ಬು ಇರಬಹುದು. ಚಿವುಟಿದರೆ ಕೈಗೆ ಸಿಗುವ, ಚರ್ಮದಡಿಯ ಕೊಬ್ಬು ಇರಬಹುದು. ಕೊಬ್ಬೇ ಅಲ್ಲದ ಸಡಿಲ ಚರ್ಮ, ಸಡಿಲ ಸ್ನಾಯು ಇರಬಹುದು. ಕೆಲವೊಮ್ಮೆ ಇವು ಯಾವುದೂ ಅಲ್ಲದೆ ಕಾಯಿಲೆಯೇ ಆಗಿರಬಹುದು. ಯಾವುದು ಎಂದು ತಿಳಿಯದೆ ಹಣ ಖರ್ಚು ಮಾಡುವುದರಿಂದಲೇ ನಮ್ಮವರು ಸೋಲುತ್ತಿದ್ದಾರೆ.

ಒಳಗಿನ ಕೊಬ್ಬು ನಮ್ಮ ಜನರ ಹಳೆಯ ಶತ್ರು. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕದ ಲೆಕ್ಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತಕ್ಕಡಿಯ ಮಟ್ಟಿಗೆ ಇಬ್ಬರೂ ಸಮ, ಒಳಗೆ ಅಜಗಜಾಂತರ. ಆದ್ದರಿಂದಲೇ ನಮ್ಮವರಿಗೆ ಸೊಂಟದ ಸುತ್ತಳತೆಯ ಮಿತಿ ಬೇರೆ ಇದೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಇಂಚಿನಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ ಹೆಂಗಸರಲ್ಲಿ ಶೇ. 40 ಮಂದಿಗೆ, ಗಂಡಸರಲ್ಲಿ ಶೇ. 12 ಮಂದಿಗೆ ಹೊಟ್ಟೆಯ ಬೊಜ್ಜು ಕಂಡಿತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಮಿಕ್ಕದ್ದನ್ನು ತಾನೇ ಮುಗಿಸುವ ತಾಯಂದಿರು ಈ ಅಂಕಿಯನ್ನು ಸ್ವಲ್ಪ ಗಮನಿಸಬೇಕು.

ಅಳೆಯುವುದು ಪ್ಯಾಂಟಿನ ಬೆಲ್ಟಿನ ಜಾಗದಲ್ಲಿ ಅಲ್ಲ. ಅದನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುವ ಕಲೆ ನಮ್ಮ ಗಂಡಸರಿಗೆ ಚೆನ್ನಾಗಿ ಗೊತ್ತಿದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟು, ಟೇಪನ್ನು ಬಿಗಿಯದೆ ಅಳೆಯಬೇಕು. ಒಂದು ಸಂತೋಷದ ಸುದ್ದಿಯೂ ಇದೆ. ತೂಕ ಇಳಿಸುವಾಗ ಒಳಗಿನ ಕೊಬ್ಬು ಹೊರಗಿನದಕ್ಕಿಂತ ಬೇಗ ಕರಗುತ್ತದೆ. ಹದಿನೈದು ಕೆ.ಜಿ. ಇಳಿಸಿ, ಸಕ್ಕರೆ, ಬಿ.ಪಿ. ಹತೋಟಿಗೆ ಬಂದು, ಚಿವುಟಿದರೆ ಮಾತ್ರ ಸಿಗುವ ಹೊಟ್ಟೆ ಉಳಿದಿದೆ ಎಂದರೆ ಅಪಾಯದ ಬಹುಪಾಲನ್ನು ನೀವು ದಾಟಿದ್ದೀರಿ. ಕನ್ನಡಿ ಅದನ್ನು ಹೇಳುವುದಿಲ್ಲ, ರಕ್ತ ಪರೀಕ್ಷೆ ಹೇಳುತ್ತದೆ.

ಚಿವುಟಿದರೆ ಸಿಗುವ ಈ ಕೊಬ್ಬು ಯಾಕಿಷ್ಟು ಹಟಮಾರಿ? 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದಕ್ಕೊಂದು ಉತ್ತರ ಕೊಟ್ಟರು. ತೂಕ ಎಷ್ಟೇ ಇಳಿಸಿದರೂ ಕೊಬ್ಬಿನ ಜೀವಕೋಶಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಅವು ಖಾಲಿ ಚೀಲದಂತೆ ಕುಗ್ಗಿ ಕೂತಿರುತ್ತವೆ. ವರ್ಷಕ್ಕೆ ನೂರರಲ್ಲಿ ಹತ್ತರಷ್ಟು ಸತ್ತರೆ ಅಷ್ಟೇ ಹೊಸದು ಹುಟ್ಟುತ್ತವೆ. ಯಾವ ಜಾಗದ ಚೀಲ ಮೊದಲು ಖಾಲಿಯಾಗಬೇಕು ಎಂಬುದನ್ನು ವಂಶ, ವಯಸ್ಸು, ಹಾರ್ಮೋನು ತೀರ್ಮಾನಿಸುತ್ತವೆ, ನಮ್ಮ ಇಷ್ಟ ಅಲ್ಲಿ ನಡೆಯದು. ಅನೇಕರಲ್ಲಿ ಹೊಕ್ಕುಳ ಕೆಳಗಿನದ್ದು ಕೊನೆಯ ಸರದಿ. ಅದಕ್ಕೇ ಮುಖ ಮೊದಲು ಬತ್ತುವುದು, ಊರಿಗೆ ಹೋದಾಗ "ಏನಾಯ್ತೋ ಮಾರಾಯ, ಸಕ್ಕರೆ ಕಾಯಿಲೆಯಾ?" ಎಂದು ಕೇಳಿಸಿಕೊಳ್ಳುವುದು.

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಕರಗುತ್ತದೆ ಎಂಬ ನಂಬಿಕೆಯನ್ನು ಅಮೆರಿಕದಲ್ಲಿ 1984ರಷ್ಟು ಹಿಂದೆಯೇ ಪರೀಕ್ಷಿಸಿದರು. 27 ದಿನಗಳಲ್ಲಿ ಒಬ್ಬೊಬ್ಬರಿಂದ ಐದು ಸಾವಿರ ಸಲ ಮಲಗಿ ಏಳಿಸಿದರು. ಹೊಟ್ಟೆಯ ಕೊಬ್ಬು ಬೇರೆ ಜಾಗದ್ದಕ್ಕಿಂತ ಹೆಚ್ಚೇನೂ ಕರಗಲಿಲ್ಲ. ಇನ್ನು ಬೆವರಿಳಿಸುವ ಬೆಲ್ಟು, ನಡುಗಿಸುವ ಯಂತ್ರ, ನಿಂಬೆ ಜೀರಿಗೆ ಪುಡಿಯ ಪೊಟ್ಟಣ. ಬೆಲ್ಟು ಬಿಚ್ಚಿ ನೀರು ಕುಡಿದ ಕೂಡಲೇ ಹೋದದ್ದೆಲ್ಲ ವಾಪಸು. ಆ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಬೂಟು ಕೊಂಡು ಕಾಂಕರಿಯಾ ಕೆರೆಯನ್ನೋ ಕಮಾಟಿಬಾಗನ್ನೋ ದಿನಾ ಸುತ್ತಬಹುದು.

ಲೈಪೊಸಕ್ಷನ್ ಬಗ್ಗೆಯೂ ಕೇಳುತ್ತೀರಿ. 2004ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ 15 ಹೆಂಗಸರ ಹೊಟ್ಟೆಯಿಂದ ಸುಮಾರು ಹತ್ತು ಕೆ.ಜಿ.ಯಷ್ಟು ಚರ್ಮದಡಿಯ ಕೊಬ್ಬು ಹೀರಿ ತೆಗೆದರು. ಎರಡೂವರೆ ಮೂರು ತಿಂಗಳ ಬಳಿಕ ನೋಡಿದರೆ ಇನ್ಸುಲಿನ್ ಕೆಲಸ ಮಾಡುವ ರೀತಿ, ಬಿ.ಪಿ., ಕೊಲೆಸ್ಟರಾಲ್ ಯಾವುದೂ ಸುಧಾರಿಸಿರಲಿಲ್ಲ. ಅಂದಕ್ಕಾಗಿ ಬೇಕಾದವರು ಸ್ವಂತ ಹಣದಿಂದ ಮಾಡಿಸಿಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ನಿಧಿಯ ಹಣ ಅದಕ್ಕಲ್ಲ.

ಹಾಗಾದರೆ ಮಾಡಬೇಕಾದ್ದೇನು? ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಇಳಿಸಿದ ತೂಕವನ್ನು ಹಿಡಿದು ನಿಲ್ಲಿಸಿಕೊಳ್ಳುವುದೇ ಈಗಿನ ಕೆಲಸ. ಮೆಲ್ಬರ್ನ್‌ನ ವೈದ್ಯರು 2011ರಲ್ಲಿ ತೋರಿಸಿದಂತೆ, ತೂಕ ಇಳಿಸಿ ಒಂದು ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರುವುದಿಲ್ಲ. ಹೊಟ್ಟೆ ಹಸಿಯುವುದು ನಿಮ್ಮ ಮನಸ್ಸು ದುರ್ಬಲ ಎಂದಲ್ಲ. ಉಪವಾಸ ಮಾಡಿ ಅವಸರದಿಂದ ಇಳಿಸಿದವರು ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕಳೆದುಕೊಂಡಿರುತ್ತಾರೆ. ಕೈಕಾಲು ಸಣ್ಣಗಾಗಿ ಹೊಟ್ಟೆ ಇನ್ನೂ ಎದ್ದು ಕಾಣಲು ಅದೂ ಕಾರಣ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ, ಬಸ್ಕಿ ಹೊಡೆಯುವ ವ್ಯಾಯಾಮ ಬೇಕು. ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಬಾಳೆಲೆಯ ಮೂಲೆಯಲ್ಲಿ ಒಂದು ಚಮಚ ಬಡಿಸುವ ಕೋಸಂಬರಿಯನ್ನು ಅನ್ನದ ಜಾಗಕ್ಕೆ ತಂದರೆ ಅರ್ಧ ಕೆಲಸ ಆಯಿತು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ತಮ್ಮ ವೈದ್ಯರನ್ನು ಕೇಳಿ.

ಹೊಸ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ತೂಕ ಇಳಿಸುತ್ತವೆ, ಸುಳ್ಳಲ್ಲ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರನೇ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತು. ಯಾರೋ ಗೆಳೆಯರು ತೆಗೆದುಕೊಂಡರು ಎಂದು ಶುರು ಮಾಡುವ ಔಷಧ ಇದಲ್ಲ.

ಈಗ ಮೊದಲ ಅರ್ಜಿಯ ವಿಷಯ. ಹೆಸರು, ಊರು ಹೇಳುವುದಿಲ್ಲ. ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಹುಡುಗ. ಜಠರ ಕಿರಿದುಗೊಳಿಸುವ ಬೆರಿಯಾಟ್ರಿಕ್ ಶಸ್ತ್ರಕ್ರಿಯೆಯ ಬಳಿಕ ತೂಕ ಅರ್ಧಕ್ಕೆ ಹತ್ತಿರ ಇಳಿಯಿತು. ಅವನ ಹೊಟ್ಟೆಯ ಚರ್ಮ ಖಾಲಿ ಜೋಳಿಗೆಯಂತೆ ತೊಡೆಯ ಮೇಲೆ ಜೋತುಬಿತ್ತು. ವರ್ಷಗಟ್ಟಲೆ ಹಿಗ್ಗಿದ ಚರ್ಮದ ಎಳೆಗಳು ಹರಿದಿರುತ್ತವೆ, ಯಾವ ಎಣ್ಣೆ, ಯಾವ ಕ್ರೀಮೂ ಅದನ್ನು ಮತ್ತೆ ಬಿಗಿಯಾಗಿಸದು. ಒಲೆಯ ಮುಂದೆ ಹನ್ನೆರಡು ಗಂಟೆ ನಿಲ್ಲುವವನಿಗೆ ಮೇ ತಿಂಗಳ ಸೆಕೆಯಲ್ಲಿ ಆ ಮಡಿಕೆಯೊಳಗೆ ಬೆವರು ನಿಂತು, ಚರ್ಮ ಹಸಿಹಸಿಯಾಗಿ ಸುಲಿದು, ಹುಣ್ಣಾಗಿ ವಾಸನೆ ಬರತೊಡಗಿತು. ಜೊತೆಯವರು ಪಕ್ಕ ನಿಲ್ಲಲು ಹಿಂಜರಿದರು. ಮುಲಾಮು ಹಚ್ಚಿದರೆ ಎರಡು ವಾರ ಮಾಯುವುದು, ಮತ್ತೆ ಮರುಕಳಿಸುವುದು.

ನಮ್ಮ ಉಪಸಮಿತಿಯಲ್ಲಿ ಇದು ಸೌಂದರ್ಯದ ಶಸ್ತ್ರಕ್ರಿಯೆ, ಬೇಡ ಎಂದ ಹಿರಿಯರಿದ್ದರು. ವಿಮಾ ಕಂಪನಿಗಳ ಭಾಷೆಯೂ ಅದೇ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ನಿಯಮದ ಪ್ರಕಾರ ಬಿ.ಎಂ.ಐ. 40 ಮುಟ್ಟಿದ್ದರೆ, ಅಥವಾ 35 ಮುಟ್ಟಿದ್ದು ಜೊತೆಗೆ ತೀವ್ರ ಕಾಯಿಲೆಗಳಿದ್ದರೆ ಮಾತ್ರ ತೂಕ ಇಳಿಸುವ ಶಸ್ತ್ರಕ್ರಿಯೆಗೆ ವಿಮೆಯ ದಾರಿ ತೆರೆಯುತ್ತದೆ. ಪ್ಲಾಸ್ಟಿಕ್ ಸರ್ಜರಿಗೆ, ಅದು ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸಲು ಬೇಕೆಂದು ವೈದ್ಯರು ಬರೆದುಕೊಟ್ಟರಷ್ಟೇ. ಮತ್ತೆ ಮತ್ತೆ ಸೋಂಕು ಬಂದದ್ದಕ್ಕೆ ದಾಖಲೆ ಇದ್ದರೆ ಇದು ಅಂದದ ವಿಷಯ ಅಲ್ಲ, ದುಡಿಮೆಯ ವಿಷಯ ಎಂದು ನಾನು ವಾದಿಸಿದೆ. ನಿಧಿ ಒಂದು ಭಾಗ ಕೊಟ್ಟಿತು. ಷರತ್ತುಗಳಿದ್ದವು: ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಬೇಕು, ಗುಟ್ಕಾ, ಮಾವಾ, ಬೀಡಿ ಪೂರ್ತಿ ಬಿಟ್ಟಿರಬೇಕು. ಕೊನೆಯದ್ದು ಉಪದೇಶಕ್ಕಾಗಿ ಹಾಕಿದ್ದಲ್ಲ. ತಂಬಾಕು ಹಾಕುವವರ ಹೊಲಿಗೆ ಗಾಯ ಸರಿಯಾಗಿ ಕೂಡುವುದಿಲ್ಲ.

ಹೆರಿಗೆಯಾದ ತಾಯಂದಿರಲ್ಲಿ ಹೊಟ್ಟೆಯ ನಡುವಿನ ಎರಡು ಸ್ನಾಯುಗಳು ಅಗಲಿ, ತೂಕ ಇಳಿದರೂ ಹೊಟ್ಟೆ ಮುಂದೆ ಬಂದಂತೆ ಕಾಣುವುದುಂಟು. ಇದಕ್ಕೆ ಫಿಸಿಯೊಥೆರಪಿಯವರು ಕಲಿಸುವ ವ್ಯಾಯಾಮ ಮೊದಲು. ಕೆಮ್ಮಿದಾಗ ಹೊಕ್ಕುಳ ಬಳಿ ಗಂಟು ಉಬ್ಬಿದರೆ ಹರ್ನಿಯಾ ಇರಬಹುದು, ಸರ್ಜನ್‌ಗೆ ತೋರಿಸಿ.

ಎರಡನೆಯ ಅರ್ಜಿ ಒಬ್ಬ ಅಕ್ಕನದು. ಐದು ತಿಂಗಳಲ್ಲಿ ಹನ್ನೊಂದು ಕೆ.ಜಿ. ಇಳಿದಿದ್ದರು. ಮೊದಲು ಎಲ್ಲರೂ ಶಹಬ್ಬಾಸ್ ಎಂದರು. ವಾಕಿಂಗ್ ಶುರು ಮಾಡಿದ್ದೂ ಹೌದು. ಆದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು, ಸೀರೆಯ ಲಂಗದ ಲಾಡಿ ವಾರ ವಾರಕ್ಕೆ ಗಿಡ್ಡವಾಗುತ್ತಿತ್ತು. ಕೈ ಸಣ್ಣ, ಹೊಟ್ಟೆ ದೊಡ್ಡದು. ಯಾರೋ ಬೊಜ್ಜಿನ ಬೆಲ್ಟು ಮಾರಿದರು, ಇನ್ನಾರೋ ಪುಡಿ ಕೊಟ್ಟರು, ಮೂರು ತಿಂಗಳು ಹೋಯಿತು. ಕೊನೆಗೆ ಸೋನೋಗ್ರಫಿ ಮಾಡಿಸಿದಾಗ ಹೊಟ್ಟೆಯಲ್ಲಿ ನೀರು, ಅಂಡಾಶಯದಲ್ಲಿ ಗಡ್ಡೆ. ಕ್ಯಾನ್ಸರ್. ಶಸ್ತ್ರಕ್ರಿಯೆಯಾಗಿ ಈಗ ಕೀಮೋಥೆರಪಿ ನಡೆಯುತ್ತಿದೆ. ನಿಧಿ ಅವರ ಔಷಧ ಮತ್ತು ಓಡಾಟದ ಖರ್ಚನ್ನು ನೋಡಿಕೊಳ್ಳುತ್ತಿದೆ.

ಈ ಸಭೆಯಿಂದ ನೀವು ಒಂದೇ ಮಾತು ಕೊಂಡೊಯ್ಯುವುದಾದರೆ ಇದನ್ನು ಒಯ್ಯಿರಿ. ಪ್ರಯತ್ನ ಪಡದೆ ತೂಕ ಇಳಿಯುತ್ತಿದ್ದರೆ, ಅಥವಾ ತೂಕ ಇಳಿಯುತ್ತಿರುವಾಗಲೇ ಹೊಟ್ಟೆ ದೊಡ್ಡದಾಗುತ್ತಿದ್ದರೆ, ಅದನ್ನು ಬೊಜ್ಜು ಎಂದುಕೊಳ್ಳಬೇಡಿ. ಯಕೃತ್ತಿನ ಕಾಯಿಲೆ, ಹೊಟ್ಟೆಯ ಕ್ಷಯ, ಅಂಡಾಶಯದ ಗಡ್ಡೆ ಎಲ್ಲವೂ ಹೀಗೆ ತೋರಬಹುದು. ಕಾಲು ಊದುವುದು, ಬೇಗ ಹೊಟ್ಟೆ ತುಂಬುವುದು, ಸಂಜೆಯ ಜ್ವರ, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ಇವಿದ್ದರೆ ಅದೇ ವಾರ ವೈದ್ಯರಲ್ಲಿಗೆ ಹೋಗಿ. ಅಹಮದಾಬಾದಿನ ಅಸಾರ್ವಾ ಸಿವಿಲ್, ವಡೋದರಾದ ಎಸ್.ಎಸ್.ಜಿ., ಸೂರತ್‌ನ ನ್ಯೂ ಸಿವಿಲ್ ಮತ್ತು ಸ್ಮಿಮೇರ್‌ನಂಥ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳು ಇರುವುದೇ ಇದಕ್ಕೆ. ಗುಜರಾತಿ ಬಾರದ ಹೆಂಗಸರ ಜೊತೆ ಹೋಗಲು ಸಂಘದ ಸ್ವಯಂಸೇವಕಿಯರು ತಯಾರಿದ್ದಾರೆ, ಸಂಕೋಚ ಬೇಡ.

ಸರ್ಕಾರದ ಆಯುಷ್ಮಾನ್ ಕಾರ್ಡು ಇದ್ದರೆ ಗುಜರಾತಿನಲ್ಲಿ 2023ರ ಜುಲೈಯಿಂದ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. 70 ದಾಟಿದ ಹಿರಿಯರಿಗೆ 2024ರ ಅಕ್ಟೋಬರ್‌ನಿಂದ ಆದಾಯ ನೋಡದೆ ಆಯುಷ್ಮಾನ್ ಕಾರ್ಡು ಕೊಡುತ್ತಾರೆ, ನಿಮ್ಮ ಮನೆಯ ಹಿರಿಯರದ್ದು ಮಾಡಿಸಿ. ತೊಡಕು ನಮ್ಮ ಹೋಟೆಲ್ ಕಾರ್ಮಿಕರದು. ಕೆಲಸ ಇಲ್ಲಿ, ರೇಷನ್ ಕಾರ್ಡು ಊರಿನಲ್ಲಿ. ಕಾಗದಪತ್ರ ಹೊಂದಿಸುವಷ್ಟರಲ್ಲಿ ವಾರಗಳು ಉರುಳುತ್ತವೆ, ಅಷ್ಟರಲ್ಲಿ ಸ್ಕ್ಯಾನಿಂಗಿಗೂ ಕೈಯಲ್ಲಿ ಹಣವಿರುವುದಿಲ್ಲ. ನಿಧಿಯ ಹಣ ಮೊದಲು ಹೋಗಬೇಕಾದ್ದು ಆ ವಾರಗಳಿಗೆ, ಆ ಮೊದಲ ಪರೀಕ್ಷೆಗಳಿಗೆ ಎಂದು ಉಪಸಮಿತಿ ಈಗ ತೀರ್ಮಾನಿಸಿದೆ. ನಾನು ಇವತ್ತು ನಿಮ್ಮಲ್ಲಿ ಕೇಳುತ್ತಿರುವುದೂ ಅದಕ್ಕೇ. ಕೊಡುವವರು ಖಜಾಂಚಿಯವರಲ್ಲಿ ರಸೀದಿ ಪಡೆಯಿರಿ. ಅಡುಗೆಮನೆಯಲ್ಲಿ ಆಳುಗಳನ್ನು ಇಟ್ಟುಕೊಂಡಿರುವ ಹೋಟೆಲ್ ಮಾಲೀಕರು ರಸೀದಿಯ ಜೊತೆಗೆ ನಿಮ್ಮವರ ಹೆಸರಿನ ಪಟ್ಟಿಯನ್ನೂ ಕೊಟ್ಟು ಹೋದರೆ, ಮುಂದಿನ ಶಿಬಿರವನ್ನು ಅವರ ಬಿಡುವಿನ ಹೊತ್ತಿಗೇ, ಮಧ್ಯಾಹ್ನ ನಾಲ್ಕರ ಮೇಲೆ ಇಡುತ್ತೇವೆ.

ಹೊರಗಿನ ಮೇಜಿನ ಮೇಲೆ ಟೇಪುಗಳನ್ನು ಇಟ್ಟಿದ್ದೇವೆ. ಹೆಂಗಸರಿಗೆ ಪಕ್ಕದ ಕೋಣೆಯಲ್ಲಿ ನಮ್ಮ ಸಿಸ್ಟರ್ ಅಳೆಯುತ್ತಾರೆ. ಕಾಫಿಗೆ ಮುಂಚೆ ಅಳೆಸಿಕೊಳ್ಳಿ, ಆಮೇಲೆ ಕೇಸರಿಬಾತ್ ಇದೆ.